ಲ್ಯಾಪ್‌ಟಾಪಲ್ಲಿ ಓಡಿದ ಕಂಟೇನರ್ ಕ್ಲೌಡಲ್ಲಿ ಯಾಕೆ ಏಳಲ್ಲ

ಕಂಟೇನರ್ ಅಂದ್ರೆ ಆಪನ್ನ ಅದಕ್ಕೆ ಬೇಕಾದ ಫೈಲುಗಳ ಸಮೇತ ಬೇರೆಯಾಗಿ ಓಡಿಸೋ ಡಬ್ಬಿ. ಅದನ್ನ ಮಾಡಿಬಿಟ್ರೆ ಮುಗೀತು, ಒಂದು ಕಡೆ ಓಡಿದ್ದು ಎಲ್ಲಾ ಕಡೆ ಓಡ್ತದೆ ಅನ್ನೋ ಮಾತನ್ನ ಆ ಡಬ್ಬಿ ಕಟ್ಟೋ ಡಾಕರ್ ಅನ್ನೋ ಸಾಫ್ಟ್‌ವೇರ್ 2013ರಲ್ಲಿ ಬಂದಾಗಿಂದ ಕೇಳ್ತಾ ಇದ್ದೇವೆ. ಅದರಲ್ಲಿ ಅರ್ಧ ನಿಜ. ಕಂಟೇನರ್ ಏಳೋದು ಇಮೇಜ್ ಅನ್ನೋ ಕಟ್ಟಿನಿಂದ, ಅದರ ಒಳಗೆ ಹೋಗೋದು ಫೈಲುಗಳು, ಅಂದ್ರೆ ನಾವು ಬರೆದ ಕೋಡು, ಅದಕ್ಕೆ ಬೇಕಾದ ಲೈಬ್ರರಿ, ಪೈಥಾನ್ ಇಂಥವು. ಪ್ರೊಸೆಸರ್ ಅದರ ಜೊತೆ ಹೋಗಲ್ಲ, ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಹೋಗಲ್ಲ, ಮೆಮೊರಿ ಹೋಗಲ್ಲ, ನೆಟ್‌ವರ್ಕ್ ವಿಳಾಸವೂ ಹೋಗಲ್ಲ, ಅದೆಲ್ಲ ಹೋದ ಜಾಗದಲ್ಲಿ ಎಷ್ಟು ಕೊಡ್ತಾರೋ ಅಷ್ಟು. ಇನ್ನು ಕೆಲವು ಸಾಮಾನು ನಮ್ಮ ಲ್ಯಾಪ್‌ಟಾಪಲ್ಲಿ ಮೊದಲಿಂದಲೇ ಇರ್ತದೆ, ಫಾಂಟು, ಟೈಮ್‌ಝೋನ್ ಸೆಟ್ಟಿಂಗು ಹೀಗೆ, ಇದೆ ಅಂತಲೇ ನಮಗೆ ನೆನಪಿರಲ್ಲ, ಅದನ್ನ ಹೆಸರು ಹಿಡಿದು ಹಾಕದೇ ಇದ್ರೆ ಇಮೇಜಿಗೆ ಬರೋದೇ ಇಲ್ಲ. ಹಾಗಾಗಿ ಡಿಪ್ಲಾಯ್ ಆದ ಮೇಲೆ, ಅಂದ್ರೆ ಕ್ಲೌಡಿಗೆ ಏರಿಸಿದ ಮೇಲೆ, ಆಪ್ ಬಿತ್ತು ಅಂದ್ರೆ ಕೋಡ್ ತೆಗೆಯೋ ಮೊದ್ಲು ನಾನು ಕೇಳೋ ಪ್ರಶ್ನೆ ಒಂದೇ, ಇಮೇಜ್ ಜೊತೆ ಹೋಗದೇ ಉಳಿದದ್ದು ಎಂತದು?

ಈ ಮಳೆಗಾಲದಲ್ಲಿ ನಮ್ಮ ಚಿಕ್ಕಪ್ಪನ ಮಗನ ಆಪ್ ಮೇಲೆತ್ತೋವಾಗ ಈ ಪ್ರಶ್ನೆ ತುಂಬಾ ಕೆಲಸಕ್ಕೆ ಬಂತು, ಅದನ್ನೇ ಬರೀತಾ ಇದ್ದೇನೆ. ಶಿರಸಿ ಕಡೆ ಅಡಿಕೆ ಬೆಳೆಯೋರಿಗೆ ವಿಷಯ ಗೊತ್ತೇ ಇದೆ, ಮಹಸೂಲನ್ನ ಸೊಸೈಟಿಗೆ ತಂದು ಹಾಕ್ತೇವೆ, ಟೆಂಡರ್ ಆಗ್ತದೆ, ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ ಅಂತ ಒಂದೊಂದು ಲಾಟಿಗೂ ಬೇರೆ ಬೇರೆ ದರ, ಆಮೇಲೆ ತೂಕ ಹಿಡಿದು ಹಮಾಲಿ ಗಿಮಾಲಿ ಕಳೆದು ಲೆಕ್ಕದ ಚೀಟಿ ಬರ್ತದೆ. ನಮ್ಮ ಮಾಣಿ ಮಾಡಿದ್ದು ಇಷ್ಟೇ, ಊರಿನ ಸಣ್ಣ ಸೊಸೈಟಿಯೋರು ಟೆಂಡರ್ ದರ ಒಂದು ಸಲ ಎಂಟ್ರಿ ಮಾಡಿದ್ರೆ ಬೆಳೆಗಾರರ ಫೋನಿಗೆ ಅವರವರ ಚೀಟಿ ಕನ್ನಡದಲ್ಲೇ ಪಿಡಿಎಫ್ ಆಗಿ ಸಿಗಬೇಕು. ಆಪ್ ಬರೆಯಕ್ಕೆ ಪೈಥಾನಿನ ಫ್ಲಾಸ್ಕ್, ಅದನ್ನ ಓಡಿಸೋ ಸರ್ವರ್ ಗುನಿಕಾರ್ನ್, ಡೇಟಾಬೇಸಿಗೆ ಪೋಸ್ಟ್‌ಗ್ರೆಸ್, ಪಿಡಿಎಫ್ ತೆಗೆಯಕ್ಕೆ ಹೆಡ್‌ಲೆಸ್ ಕ್ರೋಮಿಯಂ, ಅಂದ್ರೆ ಪರದೆ ಇಲ್ಲದೇ ಓಡೋ ಬ್ರೌಸರ್. ದೊಡ್ಡ ಆಪ್ ಏನಲ್ಲ, ಆದ್ರೆ ನನಗೆ ಇದು ಬಹಳ ಮುಖ್ಯ ಅನ್ಸಿತ್ತು, ಯಾಕಂದ್ರೆ ವರ್ಷದ ದುಡಿಮೆಯ ಲೆಕ್ಕ ಒಂದು ಚೀಟಿಯಲ್ಲಿ ಬರೋದು, ಅದನ್ನ ಮೊಮ್ಮಕ್ಕಳ ಹತ್ರ ಓದಿಸದೇ ಅಜ್ಜ ತಾನೇ ಓದಿಕೊಳ್ಳೋ ಹಾಗೆ ಇರಬೇಕು.

ಮೊದಲ ತೊಂದ್ರೆ ಇಮೇಜ್ ಕಳಸೋದೇ. ಅವನ ಇಮೇಜು ಒಂದು ಜಿಬಿ ದಾಟಿತ್ತು, ಕ್ರೋಮಿಯಂ ಇದ್ದಲ್ಲಿ ಸೈಝು ಹಾಗೇ. ಆಷಾಢದಲ್ಲಿ ನಮ್ಮೂರಲ್ಲಿ ಗಾಳಿಗೆ ಒಂದು ಮರ ಲೈನ್ ಮೇಲೆ ಬಿದ್ರೆ ಕರೆಂಟೂ ಇಲ್ಲ ನೆಟ್ಟೂ ಇಲ್ಲ, ಇನ್ವರ್ಟರ್ ಇದ್ರೂ ಅಪ್‌ಲೋಡ್ ಅರ್ಧಕ್ಕೇ ನಿಂತಿರ್ತದೆ. ಇಮೇಜು ಪದರ ಪದರವಾಗಿ ಹೋಗೋದ್ರಿಂದ ಪೂರ್ತಿ ಹೋದ ಪದರವನ್ನ ಮತ್ತೆ ಕಳಸಬೇಕಾಗಿಲ್ಲ, ಆದ್ರೆ ಒಂದೇ ಪದರ ನೂರಾರು ಎಂಬಿ ಇದ್ದು ನಡುವೆ ಕಟ್ ಆದ್ರೆ ಅದು ಮತ್ತೆ ಮೊದಲಿಂದ. ಇಮೇಜ್ ಹೇಗೆ ಕಟ್ಟಬೇಕು ಅಂತ ಬರೆದಿಡೋ ಡಾಕರ್‌ಫೈಲ್‌ನಲ್ಲಿ ಪೂರ್ತಿ ಕೋಡ್ ಕಾಪಿ ಮಾಡೋ ಸಾಲು ಮೇಲೆ ಇದ್ದು, ಲೈಬ್ರರಿ ಇನ್‌ಸ್ಟಾಲ್ ಮಾಡೋ ಸಾಲು ಕೆಳಗೆ ಇದ್ರೆ, ಒಂದು ಅಕ್ಷರ ತಿದ್ದಿದ್ರೂ ಕೆಳಗಿನ ಪದರ ಎಲ್ಲಾ ಹೊಸದಾಗಿ ಕಟ್ಟಬೇಕು, ಹೊಸದಾಗಿ ಕಳಸಬೇಕು. ಲೈಬ್ರರಿಗಳ ಪಟ್ಟಿ ಇರೋ ರಿಕ್ವೈರ್‌ಮೆಂಟ್ಸ್ ಫೈಲ್ ಒಂದನ್ನ ಮೊದ್ಲು ಕಾಪಿ ಮಾಡಿ, ಇನ್‌ಸ್ಟಾಲ್ ಮುಗಿಸಿ, ಕೋಡನ್ನ ಕಡೆಗೆ ಹಾಕಿದ್ರೆ ದಿನಾ ಹೋಗೋ ಪದರ ಕೆಲವೇ ಕೆಬಿಗೆ ಇಳೀತದೆ. ಊರಲ್ಲಿ ಕೂತು ಕೆಲಸ ಮಾಡೋರು ಬೇರೆ ಏನು ಬಿಟ್ರೂ ಇದೊಂದನ್ನ ಬಿಡಬೇಡಿ.

ಹೋಯ್ತು. ಏಳಲಿಲ್ಲ. ರಾತ್ರಿ ಊಟ ಆದ ಮೇಲೆ ಮಾಣಿಯ ಫೋನ್.

"ಅಣ್ಣ, ಕಂಟೇನರ್ ಏಳ್ತು, ಬೀಳ್ತು, ಮತ್ತೆ ಏಳ್ತು. ಎಂತಕ್ಕೆ ಹೇಳಿ ಗೊತ್ತಾಗ್ತಿಲ್ಲೆ."

"ಲಾಗಲ್ಲಿ ಎಂತ ಇದ್ದು ತಮಾ?"

"ಒಂದೇ ಸಾಲು. ಎಕ್ಸೆಕ್ ಫಾರ್ಮ್ಯಾಟ್ ಎರರ್."

ಈ ಒಂದು ಸಾಲು ಬಂದ್ರೆ ಖುಷಿಪಡಬೇಕು, ಹೆಚ್ಚಿನ ಸಲ ಬೇರೆ ಎಂತದೂ ಹುಡುಕೋದು ಬೇಡ. ಅವನ ಲ್ಯಾಪ್‌ಟಾಪ್ ಆಪಲ್ ಎಂ1, ಅದು ಆರ್ಮ್ ಪ್ರೊಸೆಸರು. ಕ್ಲೌಡ್ ಮೆಷಿನ್ ಎಎಂಡಿ64, ಅಂದ್ರೆ ಇಂಟೆಲ್, ಎಎಂಡಿ ಜಾತಿಯ ಪ್ರೊಸೆಸರು. ಅಲ್ಲಿ ಕಟ್ಟಿದ ಬೈನರಿ ಇಲ್ಲಿ ಓದಕ್ಕೇ ಬರಲ್ಲ. ಬಿಲ್ಡ್ ಮಾಡೋವಾಗ ಪ್ಲಾಟ್‌ಫಾರ್ಮ್ ಲಿನಕ್ಸ್ ಎಎಂಡಿ64 ಅಂತ ಹೇಳಿದ್ರೆ ಲ್ಯಾಪ್‌ಟಾಪು ಎಮ್ಯುಲೇಶನ್ ಮಾಡಿ, ಅಂದ್ರೆ ಆ ಪ್ರೊಸೆಸರಿನ ವೇಷ ಹಾಕಿ, ಕಟ್ಟಿಕೊಡ್ತದೆ, ಆದ್ರೆ ಬಹಳ ನಿಧಾನ. ನಾವು ಮಾಡಿದ್ದು ಬೇರೆ, ಬಿಲ್ಡನ್ನೇ ಗಿಟ್‌ಹಬ್ ಆಕ್ಷನ್ಸ್‌ಗೆ, ಅಂದ್ರೆ ಕೋಡ್ ಇಡೋ ಗಿಟ್‌ಹಬ್ಬಿನೋರ ಬಿಲ್ಡ್ ಮೆಷಿನ್‌ಗೆ, ದಾಟಿಸಿದ್ವಿ. ಅಲ್ಲಿನ ಮಾಮೂಲಿ ಲಿನಕ್ಸ್ ರನ್ನರ್ ಎಎಂಡಿ64, ಇಮೇಜು ಅಲ್ಲೇ ಕಟ್ಟಿ ಅಲ್ಲಿಂದಲೇ ಇಮೇಜ್ ಇಡೋ ರಿಜಿಸ್ಟ್ರಿಗೆ ಹೋಗ್ತದೆ, ನಮ್ಮೂರಿಂದ ಹೋಗೋದು ಬರೀ ಕೋಡಿನ ಕಮಿಟ್ಟು. ಪ್ರೊಸೆಸರ್ ತೊಂದ್ರೆ, ಅಪ್‌ಲೋಡ್ ತೊಂದ್ರೆ ಎರಡೂ ಒಟ್ಟಿಗೇ ಹೋಯ್ತು, ಮೊಬೈಲ್ ಹಾಟ್‌ಸ್ಪಾಟಲ್ಲೂ ಡಿಪ್ಲಾಯ್ ಮಾಡಬಹುದು ಈಗ.

ಆಮೇಲಿಂದು ಪೋರ್ಟು, ಅಂದ್ರೆ ಆಪ್ ಕೇಳಿಸಿಕೊಳ್ಳೋ ಬಾಗಿಲಿನ ನಂಬರು. ಕಂಟೇನರ್ ನಿಂತಿದೆ, ಲಾಗಲ್ಲಿ ಗುನಿಕಾರ್ನ್ ಶುರುವಾಗಿದ್ದೂ ಕಾಣ್ತದೆ, ಆದ್ರೂ ಆಪ್ ಉತ್ತರ ಕೊಡ್ತದಾ ಅಂತ ನೋಡೋ ಹೆಲ್ತ್ ಚೆಕ್ ಫೇಲು, ಸ್ವಲ್ಪ ಹೊತ್ತಲ್ಲಿ ಪ್ಲಾಟ್‌ಫಾರ್ಮೇ ಅದನ್ನ ಇಳಿಸಿಬಿಡ್ತದೆ. ಲ್ಯಾಪ್‌ಟಾಪಲ್ಲಿ ಕಂಟೇನರ್‌ಗಳನ್ನ ಒಟ್ಟಿಗೆ ಎಬ್ಬಿಸೋ ಕಂಪೋಸ್ ಫೈಲ್‌ನಲ್ಲಿ ಅವ 5000 ಅಂತ ಗಟ್ಟಿ ಬರೆದಿದ್ದ, ಲ್ಯಾಪ್‌ಟಾಪಲ್ಲಿ ಮ್ಯಾಪಿಂಗ್ ಅವನದೇ ಆದ್ದರಿಂದ ಎಲ್ಲಾ ಸರಿ. ಈ ಥರದ ಕ್ಲೌಡ್ ಸರ್ವಿಸ್‌ಗಳಲ್ಲಿ ಯಾವ ಪೋರ್ಟಲ್ಲಿ ಕೇಳಬೇಕು ಅಂತ ಪೋರ್ಟ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ (ಹೊರಗಿಂದ ಕೊಡೋ ಸೆಟ್ಟಿಂಗಲ್ಲಿ) ಅವರೇ ಹೇಳ್ತಾರೆ, ಹೆಚ್ಚಾಗಿ 8080, ಅದನ್ನೇ ಓದಿಕೊಂಡು ಕೂತ್ಕೊಳ್ಳಬೇಕು. ಇದರ ಪಕ್ಕದಲ್ಲೇ ಇನ್ನೊಂದು ಇದೆ, ಫ್ಲಾಸ್ಕ್ ತಾನಾಗೇ ಕೂರೋದು 127.0.0.1 ಮೇಲೆ, ಕಂಟೇನರ್ ಒಳಗೆ ಆ ವಿಳಾಸ ಅಂದ್ರೆ ಆ ಕಂಟೇನರ್ ಮಾತ್ರ, ಹೊರಗಿಂದ ಬಂದೋರಿಗೆ ಬಾಗಿಲೇ ಇಲ್ಲ. 0.0.0.0, ಅಂದ್ರೆ ಎಲ್ಲಾ ಕಡೆಯಿಂದ ಬಂದದ್ದನ್ನೂ ತಗೋ, ಅಂತ ಕೊಡಬೇಕು.

ಡೇಟಾಬೇಸ್ ವಿಷಯ ಸ್ವಲ್ಪ ನಿಂತು ಹೇಳ್ತೇನೆ, ಯಾಕಂದ್ರೆ ಎಲ್ಲರೂ ಹೆಚ್ಚು ಹೊತ್ತು ಕಳೆಯೋದು ಇಲ್ಲೇ, ಮತ್ತೆ ಎರರ್ ಮೆಸೇಜನ್ನ ಸರಿಯಾಗಿ ಓದಿದ್ರೆ ಕಳೆಯಬೇಕಾಗೇ ಇಲ್ಲ. ಕನೆಕ್ಷನ್ ಆಗಲಿಲ್ಲ ಅಂತ ಮೂರು ಥರ ಬರ್ತದೆ, ಮೂರಕ್ಕೂ ಕಾರಣ ಪೂರ್ತಿ ಬೇರೆ. ಹೆಸರು ರಿಸಾಲ್ವ್ ಆಗಲಿಲ್ಲ ಅಂದ್ರೆ ಅಂಥ ಮನೆ ಈ ಊರಲ್ಲೇ ಇಲ್ಲ ಅಂದ ಹಾಗೆ. ಕನೆಕ್ಷನ್ ರೆಫ್ಯೂಸ್ಡ್ ಅಂದ್ರೆ ಮನೆ ಅಂಗಳದವರೆಗೆ ಹೋಗಿದ್ದಾಯ್ತು, ಒಳಗೆ ಯಾರೂ ಇಲ್ಲ. ಟೈಮ್ ಔಟ್ ಅಂದ್ರೆ ಉಣಗೋಲೇ (ಅಂಗಳದ ಗೇಟು) ದಾಟಲಿಲ್ಲ, ಕೂಗಿದ್ರೂ ಯಾರೂ ಓ ಅನ್ನಲಿಲ್ಲ.

ನಮ್ಮ ಮಾಣಿಗೆ ಬಂದಿದ್ದು ಸಾಲಾಗಿ ಮೂರೂ. ಕಂಪೋಸ್‌ನಲ್ಲಿ ಡೇಟಾಬೇಸ್ ಸರ್ವಿಸ್ ಹೆಸರು ಡಿಬಿ ಅಂತ, ಆಪ್ ಅದೇ ಹೆಸರಲ್ಲಿ ಹುಡುಕ್ತದೆ, ಆ ಹೆಸರನ್ನ ಲ್ಯಾಪ್‌ಟಾಪಲ್ಲಿ ಡಾಕರ್‌ನ ಒಳಗಿನ ಡಿಎನ್‌ಎಸ್ಸು ಹೇಳಿಕೊಡ್ತದೆ, ಕ್ಲೌಡಲ್ಲಿ ಅಂಥ ಹೆಸರು ಯಾರಿಗೂ ಗೊತ್ತಿಲ್ಲ. ಅದಕ್ಕೆ ಲೋಕಲ್‌ಹೋಸ್ಟ್, ಅಂದ್ರೆ ತಾನಿರೋ ಜಾಗವೇ, ಅಂತ ಹಾಕಿ ನೋಡಿದ, ಆವಾಗ ರೆಫ್ಯೂಸ್ಡ್, ಆಪ್ ಇರೋ ಕಂಟೇನರ್ ಒಳಗೆ ಪೋಸ್ಟ್‌ಗ್ರೆಸ್ ಎಲ್ಲಿಂದ ಬರಬೇಕು. ಕಡೆಗೆ ಕ್ಲೌಡ್ ಡೇಟಾಬೇಸಿನ ಸರಿಯಾದ ವಿಳಾಸ ಹಾಕಿದ ಮೇಲೆ ಟೈಮ್ ಔಟ್. ಇಲ್ಲಿ ತುಂಬಾ ಜನ ಪಾಸ್‌ವರ್ಡ್ ಬದಲಾಯಿಸ್ತಾ ಕೂರ್ತಾರೆ, ಅದು ಸುಮ್ನೆ ಹೊತ್ತು ಹಾಳು, ಪಾಸ್‌ವರ್ಡ್ ತಪ್ಪಿದ್ರೆ ಪೋಸ್ಟ್‌ಗ್ರೆಸ್ಸೇ ಬಾಯಿ ಬಿಟ್ಟು ಹೇಳ್ತದೆ, ಮಾತೇ ಆಡದೇ ಸುಮ್ಮನಿದ್ರೆ ಅದು ಹೆಚ್ಚಾಗಿ ಫೈರ್‌ವಾಲು. ಡೇಟಾಬೇಸ್ ಕಡೆಯ ರೂಲ್‌ನಲ್ಲಿ ಆಪ್‌ನ ನೆಟ್‌ವರ್ಕಿಂದ ಪೋಸ್ಟ್‌ಗ್ರೆಸ್ಸಿನ 5432 ಪೋರ್ಟಿಗೆ ದಾರಿ ಬಿಡ್ತಿದ್ದ ಹಾಗೇ ಕನೆಕ್ಟ್ ಆಯ್ತು. ದಾರಿ ಬಿಡಿ ಅಂದೆ ಅಂತ ಇಡೀ ಇಂಟರ್‌ನೆಟ್ಟಿಗೆ 5432 ತೆರೆದಿಡಬೇಡಿ, ಊರೋರ ಲೆಕ್ಕ ಪೂರ್ತಿ ಅದರಲ್ಲಿ ಇರ್ತದೆ.

ಇಲ್ಲಿಗೆ ಆಪ್ ಎದ್ದು ನಿಂತಿತ್ತು, ಸೊಸೈಟಿಯ ಲೆಕ್ಕ ಬರೆಯೋ ಅಣ್ಣಯ್ಯ ಎಂಟ್ರಿಯೂ ಶುರು ಮಾಡಿದ್ರು. ನಾಲ್ಕು ಜನ ಚೀಟಿ ತೆಗೆಯೋ ತನಕ ಏನೂ ತೊಂದ್ರೆ ಇಲ್ಲ. ಟೆಂಡರ್ ಮುಗಿದು ಎಲ್ಲರೂ ಒಟ್ಟಿಗೇ ಫೋನ್ ತೆಗೆದಾಗ ಆಪ್ ಹೋಗ್ಬಿಡೋದು, ಲಾಗ್ ನೋಡಿದ್ರೆ ಒಂದು ಎರರ್ ಇಲ್ಲ, ಮಾತಿನ ಮಧ್ಯೆ ನಿಂತ ಹಾಗೆ ನಿಂತಿರ್ತದೆ.

ಲಾಗಲ್ಲಿ ಏನೂ ಇಲ್ಲದೇ ಇರೋದೇ ಇಲ್ಲಿ ಗುರುತು. ಆಪ್ ತಾನಾಗೇ ಬಿದ್ರೆ ಪೈಥಾನ್ ಉದ್ದಕ್ಕೆ ಟ್ರೇಸ್‌ಬ್ಯಾಕ್, ಅಂದ್ರೆ ಎಲ್ಲಿ ತಪ್ಪಿತು ಅನ್ನೋ ವಿವರ, ಬರೆದು ಹೋಗ್ತದೆ, ಏನೂ ಬರೆಯದೇ ಹೋಯ್ತು ಅಂದ್ರೆ ಬರೆಯಕ್ಕೆ ಪುರುಸೊತ್ತು ಕೊಡದೇ ಹೊರಗಿನೋರು ಕೊಂದಿದ್ದು. ಪ್ರೋಗ್ರಾಂ ನಿಂತಾಗ ಬಿಟ್ಟುಹೋಗೋ ನಂಬರ್, ಅಂದ್ರೆ ಎಕ್ಸಿಟ್ ಕೋಡ್, ನೋಡಿದ್ರೆ 137. ಈ ನಂಬರ್ ಬಾಯಿಪಾಠ ಇರಲಿ, 128ಕ್ಕೆ ಸಿಗ್ನಲ್ ನಂಬರ್ ಕೂಡಿಸಿದ್ದು ಅದು, 9 ಅಂದ್ರೆ ಸಿಗ್‌ಕಿಲ್, ಒಮ್ಮೆಲೇ ಕೊಲ್ಲೋ ಸಿಗ್ನಲ್, ಹೆಚ್ಚಿನ ಸಲ ಮೆಮೊರಿ ಮಿತಿ ಮೀರಿತು ಅಂತ ಕರ್ನಲ್ ಕೊಂದಿರ್ತದೆ. 143 ಬಂದ್ರೆ ಸಿಗ್‌ಟರ್ಮ್, ನಿಲ್ಸು ಅಂತ ಹೇಳಿ ನಿಲ್ಸಿದ್ದು, ಅದು ಮಾಮೂಲಿ. 127 ಅಂದ್ರೆ ಕಮಾಂಡೇ ಸಿಗಲಿಲ್ಲ, 126 ಅಂದ್ರೆ ಸಿಕ್ತು ಆದ್ರೆ ಓಡಿಸಕ್ಕೆ ಪರ್ಮಿಶನ್ ಇಲ್ಲ. ನಮ್ಮ ಕಂಟೇನರಿಗೆ ಕೊಟ್ಟಿದ್ದು 512 ಎಂಬಿ, ಒಂದೊಂದು ಚೀಟಿಗೂ ಒಂದೊಂದು ಕ್ರೋಮಿಯಂ ಏಳ್ತದೆ, ಒಟ್ಟಿಗೇ ಹತ್ತು ಜನ ಬಂದ್ರೆ ಎಲ್ಲಿಂದ ಸಾಕಾಗ್ತದೆ. ಮೆಮೊರಿ ಒಂದು ಜಿಬಿ ಮಾಡಿದ್ವಿ, ಆದ್ರೆ ನನ್ನ ಪ್ರಕಾರ ನಿಜವಾದ ರಿಪೇರಿ ಅದಲ್ಲ, ಚೀಟಿಗಳನ್ನ ಸಾಲಲ್ಲಿ ನಿಲ್ಲಿಸಿ ಒಂದೇ ಕ್ರೋಮಿಯಂ ಒಂದಾದ ಮೇಲೆ ಒಂದು ತೆಗೆಯೋ ಹಾಗೆ ಮಾಡಿದ್ದು, ಒಂದು ಸಲ ತೆಗೆದ ಚೀಟಿಯನ್ನ ಹಾಗೇ ಇಟ್ಕೊಂಡು ಎರಡನೇ ಸಲ ಕೇಳಿದ್ರೆ ಅದನ್ನೇ ಕೊಡೋದು. ಕ್ರೋಮಿಯಂ ಇಟ್ಕೊಂಡೋರಿಗೆ ಇನ್ನೊಂದು ಮಾತು, ಡಾಕರ್‌ನಲ್ಲಿ ಶೇರ್ಡ್ ಮೆಮೊರಿ ಜಾಗ ತಾನಾಗೇ ಕೊಡೋದು 64 ಎಂಬಿ ಮಾತ್ರ, ಪೇಜು ದೊಡ್ಡದಾದ್ರೆ ಅದು ಅಲ್ಲೇ ಕುಸೀತದೆ, ಆ ಜಾಗ ಬಳಸಬೇಡ ಅನ್ನೋ ಫ್ಲ್ಯಾಗ್ ಕ್ರೋಮಿಯಂನಲ್ಲೇ ಇದೆ, ಹಾಕಿಬಿಡಿ.

ಇಷ್ಟರ ಮೇಲೆ ಚೀಟಿ ಬಂತು. ತೆಗೆದು ನೋಡಿದ್ರೆ ಅಂಕಿ ಎಲ್ಲಾ ಸರಿ, ತೂಕ ಸರಿ, ಮೊತ್ತ ಸರಿ, ಅಕ್ಷರ ಇರಬೇಕಾದಲ್ಲಿ ಎಲ್ಲಾ ಖಾಲಿ ಚೌಕ. ಬೆಳೆಗಾರನ ಹೆಸರು ಚೌಕ, ಊರು ಚೌಕ, ರಾಶಿಯೋ ಚಾಲಿಯೋ ಅದೂ ಚೌಕ.

ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿದ್ದು ಇದು, ಯಾಕಂದ್ರೆ ಉಳಿದ ಎಲ್ಲಾ ತೊಂದ್ರೆಗೂ ಇಂಟರ್‌ನೆಟ್ಟಲ್ಲಿ ಉತ್ತರ ರಾಶಿ ಬಿದ್ದಿದೆ, ಇದನ್ನ ಮಾತ್ರ ಕನ್ನಡದಲ್ಲಿ ಆಪ್ ಮಾಡೋ ನಾವೇ ನೋಡಿಕೊಳ್ಳಬೇಕು. ಮೆಷಿನ್ ಕಡೆಯಿಂದ ನೋಡಿದ್ರೆ ಎಲ್ಲಾ ಹಸಿರು, ಹೆಲ್ತ್ ಚೆಕ್ ಪಾಸು, ರೆಸ್ಪಾನ್ಸ್ 200 (ಎಲ್ಲಾ ಸರಿ ಅನ್ನೋ ಕೋಡ್), ಲಾಗಲ್ಲಿ ಒಂದು ವಾರ್ನಿಂಗೂ ಇಲ್ಲ. ಓದೋರ ಕೈಗೆ ಹೋದದ್ದು ಮಾತ್ರ ಚೌಕದ ಹಾಳೆ. ಕಾರಣ ಸುಲಭದ್ದು, ನಮ್ಮ ಇಮೇಜಿಗೆ ತಳವಾಗಿದ್ದ ಸ್ಲಿಮ್ ಅನ್ನೋ ಸಣ್ಣ ಬೇಸ್ ಇಮೇಜಲ್ಲಿ ಕನ್ನಡ ಫಾಂಟ್ ಒಂದೂ ಇರಲ್ಲ. ಆಪಲ್ ಲ್ಯಾಪ್‌ಟಾಪಲ್ಲಿ ಕನ್ನಡ ಫಾಂಟ್ ಮೊದಲಿಂದಲೇ ಇರ್ತದೆ, ಮಾಣಿ ಚೀಟಿ ಚಂದ ಬಂತು ಅಂತ ನೋಡಿದ್ದು ನೇರ ಲ್ಯಾಪ್‌ಟಾಪಲ್ಲಿ ಓಡಿಸಿ. ಬ್ರೌಸರ್‌ನಲ್ಲಿ ಆಪ್ ನೋಡಿದ್ರೆ ಇದು ಗೊತ್ತೇ ಆಗಲ್ಲ, ಅಲ್ಲಿ ಅಕ್ಷರ ಬಿಡಿಸೋದು ನೋಡೋರ ಫೋನು, ಫೋನಲ್ಲಿ ಕನ್ನಡ ಇದ್ದೇ ಇರ್ತದೆ. ಪಿಡಿಎಫ್ ಮಾತ್ರ ಸರ್ವರ್ ಒಳಗೇ ಬಿಡಿಸೋದು.

ಡೆಬಿಯನ್ ಅನ್ನೋ ಲಿನಕ್ಸ್ ಮೇಲೆ ಕಟ್ಟಿದ ಇಮೇಜಾದ್ರೆ ಪ್ಯಾಕೇಜ್ ಹಾಕೋ ಆಪ್ಟ್ ಕಮಾಂಡಲ್ಲಿ ನೋಟೋ ಕೋರ್ ಫಾಂಟ್ ಪ್ಯಾಕೇಜ್ ಹಾಕಿದ್ರೆ ನೋಟೋ ಸಾನ್ಸ್ ಕನ್ನಡ ಬರ್ತದೆ, ಇಮೇಜು ಸಣ್ಣದಾಗಿರಲಿ ಅನ್ನೋರಿಗೆ ಗುಬ್ಬಿ, ನವಿಲು ಅಂತ ಕನ್ನಡದ್ದೇ ಪ್ಯಾಕೇಜುಗಳೂ ಡೆಬಿಯನ್‌ನಲ್ಲಿ ಇವೆ. ನಾವು ನೋಟೋ ಹಾಕಿದ್ವಿ, ದಪ್ಪ ಅಕ್ಷರವೂ ಬೇಕಿತ್ತು, ರೂಪಾಯಿ ಚಿಹ್ನೆಯೂ ಬೇಕಿತ್ತು. ಆ ಚಿಹ್ನೆ ಯುನಿಕೋಡಿಗೆ ಬಂದಿದ್ದೇ 2010ರಲ್ಲಿ, ಅದಕ್ಕಿಂತ ಹಳೆ ಫಾಂಟಾದ್ರೆ ಅಕ್ಷರ ಎಲ್ಲಾ ಸರಿ ಬಂದು ದುಡ್ಡಿನ ಮುಂದೆ ಮಾತ್ರ ಒಂದು ಚೌಕ ಉಳೀತದೆ.

ಫಾಂಟ್ ಇದ್ದೂ ತೊಂದ್ರೆ ಆಗೋದು ಇನ್ನೊಂದಿದೆ, ಎರಡನ್ನೂ ಒಂದೇ ಅಂದುಕೊಳ್ಳಬಾರದು. ಬೆಟ್ಟೆ ಅನ್ನೋದು ಬೆಟ್‌ಟೆ ಅಂತ ಬಂದ್ರೆ, ಕ್ವಿಂಟಾಲ್ ಅನ್ನೋದು ಕ್‌ವಿಂಟಾಲ್ ಅಂತ ಒಡೆದು ಬಂದ್ರೆ, ಅದು ಫಾಂಟ್ ಇಲ್ಲದ್ದಲ್ಲ, ಒತ್ತಕ್ಷರ ಕೂಡಿಸೋ ಕೆಲಸ, ಅಂದ್ರೆ ಶೇಪಿಂಗ್, ಆಗದೇ ಇರೋದು. ಕ್ರೋಮಿಯಂ ಒಳಗೆ ಹಾರ್ಫ್‌ಬಝ್ ಅಂತ ಆ ಕೆಲಸದ್ದೇ ಲೈಬ್ರರಿ ಇರೋದ್ರಿಂದ ಅಲ್ಲಿ ಸರಿಯಾಗೇ ಬರ್ತದೆ. ಕ್ರೋಮಿಯಂ ಭಾರ ಅಂತ ಬಿಟ್ಟು ಹಗುರದ ಪಿಡಿಎಫ್ ಲೈಬ್ರರಿಗೆ ಹೋಗೋರು ಮೊದ್ಲು ಈ ಎರಡು ಶಬ್ದ ಬರೆಸಿ ನೋಡಿ, ಶೇಪಿಂಗ್ ಮಾಡದ ಲೈಬ್ರರಿ ಅಲ್ಲೇ ಸಿಕ್ಕಿಬೀಳ್ತದೆ. ಮಾಣಿಗೂ ಒಂದು ಸಲ ಆ ಆಸೆ ಬಂದಿತ್ತು, ನಾನು ಬೇಡ ಅಂದೆ. ಮೆಮೊರಿ ಸ್ವಲ್ಪ ಹೆಚ್ಚು ಹೋದ್ರೂ ಅಡ್ಡಿಲ್ಲ, ಒತ್ತಕ್ಷರ ಒಡೆದ ಚೀಟಿಯನ್ನ ಜನರ ಕೈಗೆ ಕೊಡೋದು ಬೇಡ.

ಚೀಟಿಯ ಮೇಲಿನ ಗಂಟೆ ಕಡೆಗೆ ಉಳಿದಿತ್ತು. ಮಧ್ಯಾಹ್ನ ಮೂರಕ್ಕೆ ತೆಗೆದ ಚೀಟಿ ಮೇಲೆ ಬೆಳಿಗ್ಗೆ 9.30 ಅಂತ ಇತ್ತು, ಲೆಕ್ಕದ ಅಣ್ಣಯ್ಯನೇ ಹಿಡಿದ್ರು, ಟೆಂಡರ್ ಶುರುವಾಗೋ ಮೊದ್ಲೇ ಚೀಟಿ ಹೇಗೆ ಬಂತು ಅಂತ. ಐದೂವರೆ ಗಂಟೆ ಹಿಂದೆ ಇದ್ರೆ ಅದು ಯುಟಿಸಿ (ಜಗತ್ತಿಗೆಲ್ಲ ಮೂಲವಾಗಿ ಹಿಡಿಯೋ ಸಮಯ), ಕಂಟೇನರ್‌ಗೆ ಬೇರೆ ಹೇಳದೇ ಇದ್ರೆ ಅದು ಯುಟಿಸಿಯಲ್ಲೇ ಇರ್ತದೆ. ಗಂಟೆ ತಪ್ಪಿದ್ರೆ ಕಣ್ಣಿಗಾದ್ರೂ ಕಾಣ್ತದೆ, ತಾರೀಕು ತಪ್ಪೋದು ಇನ್ನೂ ಕೆಟ್ಟದ್ದು, ನಡುರಾತ್ರಿಯಿಂದ ಬೆಳಗಿನ ಐದೂವರೆ ತನಕ ಆಪ್ ಪ್ರಕಾರ ಇನ್ನೂ ನಿನ್ನೆಯೇ. ಸುಗ್ಗಿಯಲ್ಲಿ ಅಡಿಕೆ ಸುಲಿಯಕ್ಕೆ ಬೆಳಗಿನ ಜಾವವೇ ಏಳೋ ಮನೆಗಳಲ್ಲಿ ಆ ಹೊತ್ತಿಗೆ ಫೋನ್ ನೋಡೋರು ಇರ್ತಾರೆ. ಟಿಝಡ್ ವೇರಿಯಬಲ್‌ಗೆ ಏಷ್ಯಾ ಕೋಲ್ಕತ್ತಾ ಅಂತ ಕೊಟ್ರೆ ಪೈಥಾನಿನ ಸ್ಲಿಮ್ ಇಮೇಜಲ್ಲಿ ಸರಿ ಆಗ್ತದೆ, ಬರೀ ಆಲ್ಪೈನ್ ಅನ್ನೋ ಪುಟ್ಟ ಲಿನಕ್ಸ್ ಮೇಲೆ ಕಟ್ಟಿದ್ರೆ ಟಿಝಡ್ ಡೇಟಾ ಪ್ಯಾಕೇಜ್ ಬೇರೆ ಹಾಕಬೇಕು, ಇಲ್ಲಾಂದ್ರೆ ಅದು ಏನೂ ದೂರು ಹೇಳದೇ ಯುಟಿಸಿಯಲ್ಲೇ ಕೂರ್ತದೆ. ಡೇಟಾಬೇಸಲ್ಲಿ ಮಾತ್ರ ಯುಟಿಸಿಯೇ ಇರಲಿ, ತೋರಿಸೋವಾಗ ನಮ್ಮ ಟೈಮಿಗೆ ತಿರುಗಿಸೋದು, ಪೈಥಾನ್ 3.9ರಿಂದ ಅದಕ್ಕೆ ಬೇಕಾದ ಝೋನ್‌ಇನ್ಫೋ ಲೈಬ್ರರಿ ಜೊತೆಗೇ ಬರ್ತದೆ.

ಈಗ ಗಿಟ್‌ಹಬ್ ಬಿಲ್ಡಲ್ಲಿ ಒಂದು ಹೆಜ್ಜೆ ಜಾಸ್ತಿ ಹಾಕಿದ್ದೇವೆ. ಇಮೇಜ್ ಕಟ್ಟಿದ ಮೇಲೆ ಅದರ ಒಳಗೆ ಫಾಂಟುಗಳ ಪಟ್ಟಿ ಕೊಡೋ ಎಫ್‌ಸಿ-ಲಿಸ್ಟ್ ಕಮಾಂಡಿಗೆ ಕನ್ನಡದ ಭಾಷಾ ಕೋಡ್ ಕೊಟ್ಟು ಓಡಿಸ್ತೇವೆ, ಕನ್ನಡ ಫಾಂಟ್ ಒಂದೂ ಸಿಗಲಿಲ್ಲ ಅಂದ್ರೆ ಬಿಲ್ಡ್ ಅಲ್ಲೇ ಫೇಲು, ಮುಂದೆ ಹೋಗೋದೇ ಇಲ್ಲ. ಒಂದು ಎಚ್ಚರಿಕೆ, ಫಾಂಟ್ ಸಿಗದೇ ಇದ್ರೂ ಆ ಕಮಾಂಡ್ ಸೊನ್ನೆ ಕೋಡಲ್ಲೇ, ಅಂದ್ರೆ ಎಲ್ಲಾ ಸರಿ ಅಂತಲೇ, ಮುಗೀತದೆ, ಹಾಗಾಗಿ ಅದರ ಔಟ್‌ಪುಟ್ಟನ್ನ ಅಕ್ಷರ ಹುಡುಕೋ ಗ್ರೆಪ್ ಕಮಾಂಡಿಗೆ ಕೊಟ್ಟು ಖಾಲಿ ಇದೆಯಾ ಅಂತ ನೋಡಬೇಕು. ಅದರ ಜೊತೆ ಬೆಟ್ಟೆ, ಕ್ವಿಂಟಾಲ್, ರೂಪಾಯಿ ಚಿಹ್ನೆ ಮೂರೂ ಇರೋ ಒಂದು ಸ್ಯಾಂಪಲ್ ಚೀಟಿಯೂ ಬಿಲ್ಡಿನ ಜೊತೆ ಬರ್ತದೆ, ಬೇಸ್ ಇಮೇಜ್ ವರ್ಶನ್ ಬದಲಾದಾಗ ಮಾಣಿ ಅದನ್ನ ಓಪನ್ ಮಾಡಿ ಕಣ್ಣಲ್ಲಿ ನೋಡಿಯೇ ಡಿಪ್ಲಾಯ್ ಬಟನ್ ಒತ್ತೋದು. ನೀವೂ ಕನ್ನಡದಲ್ಲಿ ಪಿಡಿಎಫ್ ತೆಗೆಯೋ ಆಪ್ ಇಟ್ಕೊಂಡಿದ್ರೆ ಈ ಎರಡನ್ನ ಹಾಗೇ ತಗೊಳ್ಳಿ, ಪೂರ್ತಿ ಡಾಕರ್‌ಫೈಲ್ ಬೇಕಿದ್ರೆ ಕೇಳಿ, ಕಳಸ್ತೇನೆ.